ಈಜುಕೊಳದ ಘಾಟು ವಾಸನೆಗೆ ಕ್ಲೋರಿನ್ ಜಾಸ್ತಿಯಾಗಿದ್ದು ಕಾರಣವಲ್ಲ

'ಮನೆಯ ಈಜುಕೊಳದಲ್ಲಿ ಘಾಟು ವಾಸನೆ ಬಂದರೆ ಕ್ಲೋರಿನ್ ಜಾಸ್ತಿಯಾಗಿದೆ ಎಂದರ್ಥ, ಒಂದು ವಾರ ಹಾಕಬೇಡಿ' ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ದಯವಿಟ್ಟು ಹಾಗೆ ಮಾಡಬೇಡಿ.

ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿದಾಗ ಕ್ಲೋರಮೈನ್ ಹುಟ್ಟುತ್ತದೆ. ಮೂಗಿಗೆ ಹೊಡೆಯುವುದು, ಕಣ್ಣು ಉರಿಸುವುದು ಹೆಚ್ಚಾಗಿ ಅದೇ. ಅಂದರೆ ರೋಗಾಣು ಕೊಲ್ಲುವ ಕ್ಲೋರಿನ್ ಸಾಲುತ್ತಿಲ್ಲ! ಆಗಲೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಗೋಡೆ ಮುಟ್ಟಿದರೆ ಲೋಳೆ ಲೋಳೆ, ನೀರು ಹಸಿರು. ಅದರಲ್ಲಿ ಮಕ್ಕಳನ್ನು ಇಳಿಸಲು ಮನಸ್ಸು ಬರುತ್ತದಾ?

ವಾಸನೆ ನಂಬದೆ ಪರೀಕ್ಷೆ ಮಾಡಿ. ಕಿಟ್‌ನಲ್ಲೂ ಒಂದು ಸೂಕ್ಷ್ಮವಿದೆ. ನೀರು ಹಳದಿಗೆ ತಿರುಗುವ ಅಗ್ಗದ ಕಿಟ್ ಕ್ಲೋರಮೈನನ್ನೂ ಸೇರಿಸಿ ಒಟ್ಟು ಲೆಕ್ಕ ಕೊಡುತ್ತದೆ. ಗುಲಾಬಿಗೆ ತಿರುಗುವ ಡಿಪಿಡಿ ಕಿಟ್ ತನ್ನಿ, ಅದರಲ್ಲಿ ರೋಗಾಣು ಕೊಲ್ಲಲು ಉಳಿದಿರುವ ಕ್ಲೋರಿನ್ ಎಷ್ಟೆಂದು ಬೇರೆಯಾಗಿ ಗೊತ್ತಾಗುತ್ತದೆ. ಅದು ಕನಿಷ್ಠ 1 ಪಿಪಿಎಂ (ಲೀಟರಿಗೆ 1 ಮಿಲಿಗ್ರಾಂ) ಇರಲಿ, ನೀರಿನ ಆಮ್ಲ-ಕ್ಷಾರದ ಅಳತೆಯಾದ ಪಿಎಚ್ 7.2ರಿಂದ 7.8ರೊಳಗಿರಲಿ.

ಬೇಸಿಗೆಯ ಬಿಸಿಲು ಕ್ಲೋರಿನ್ನನ್ನು ಬೇಗ ತಿಂದುಹಾಕುತ್ತದೆ. ಹಾಗಾಗಿ ಸಂಜೆ ಹೊತ್ತಿಗೆ ಹಾಕಿ, ಪಂಪ್ ಓಡಿಸಿ. ಕ್ಲೋರಿನ್‌ಗಾಗಿ ಹಾಕುವ ಬ್ಲೀಚಿಂಗ್ ಪೌಡರನ್ನು ಆಸಿಡ್ ಜೊತೆ ಮಾತ್ರ ಯಾವತ್ತೂ ಬೆರೆಸಬೇಡಿ. ಅದರಿಂದ ಏಳುವುದು ವಿಷಾನಿಲ.