ಸೇತುವೆ ಕೇಳಿದವರಿಗೆ ಪ್ಲೂಟೊ ಬೇಡವೇ?

ಜುಲೈ 14 ನನಗೆ ಎರಡು ಕಾರಣಕ್ಕೆ ದೊಡ್ಡ ದಿನ. 2015ರ ಜುಲೈ 14ರಂದು ನಾಸಾದ ನ್ಯೂ ಹೊರೈಜನ್ಸ್ ನೌಕೆ ಪ್ಲೂಟೊ ಪಕ್ಕದಲ್ಲಿ ಹಾದುಹೋಯಿತು. 2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಇದನ್ನು ಸಾಗರ ಪೇಟೆಯಲ್ಲಿ ಪರಿಚಯದವರೊಬ್ಬರ ಹತ್ತಿರ ಖುಷಿಯಿಂದ ಹೇಳಿದರೆ ಅವರು, "ಅಲ್ಲ ಮೇಷ್ಟ್ರೇ, ನಮಗೆ ಒಂದು ಸೇತುವೆ ಆಗೋಕೆ ಅರವತ್ತು ವರ್ಷ ಬೇಕಾಯ್ತು. ಪ್ಲೂಟೊ ಫೋಟೊ ಕಟ್ಕೊಂಡು ಏನಾಗ್ಬೇಕು?" ಅಂದರು.

ಆ ಮಾತಿನ ಹಿಂದಿರುವ ನೋವು ನನಗೆ ಗೊತ್ತು. ನಾನು ಹಿನ್ನೀರಿನ ಆಚೆ ದಡದ ತುಮರಿ ಕಡೆಯವನು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನಾಡಿಗೆಲ್ಲ ಬೆಳಕು ಹೋಯಿತು, ನಮಗೆ ಮುಳುಗಡೆ ಬಂತು. ಸಂಜೆ ಹಿನ್ನೀರು ದಾಟಿಸುವ ಕಡೆಯ ಲಾಂಚ್ ತಪ್ಪಿದರೆ ಹೆರಿಗೆ ನೋವು ತಿನ್ನುತ್ತಿರುವವಳನ್ನೂ ಸುತ್ತುದಾರಿಯಲ್ಲಿ ಕರೆದುಕೊಂಡು ಹೋಗಬೇಕಾಗಿದ್ದ ಊರುಗಳು ನಮ್ಮವು. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿಗೆ ವಾಹನ ಹತ್ತಿಸುತ್ತಿರಲಿಲ್ಲ. ಸೇತುವೆ ಅಂದರೆ ಏನು ಅಂತ ನಮಗೆ ಯಾರೂ ಪಾಠ ಹೇಳಬೇಕಿಲ್ಲ.

ಆದರೆ ಅದೇ ಲಾಂಚಿನಲ್ಲಿ ಪ್ಲೂಟೊ ನೋಡಿದವರನ್ನೂ ನಾನು ಕಂಡಿದ್ದೇನೆ. 2015ರ ಆ ಜುಲೈನಲ್ಲಿ ಮಳೆ ಹಿಡಿದುಕೊಂಡಿತ್ತು. ಹೊಳೆಬಾಗಿಲಲ್ಲಿ ಲಾಂಚ್ ಹತ್ತಿ ಮೊಬೈಲ್ ತೆಗೆದೆ. ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಬಗ್ಗಿ ನೋಡಿದಳು, ಆಮೇಲೆ ಅವಳ ಅಪ್ಪ, ಆಮೇಲೆ ತೋಟಕ್ಕೆ ಔಷಧಿ ಹೊಡೆಯೋಕೆ ಮೈಲುತುತ್ತ ತಗೊಂಡು ಹೊರಟಿದ್ದ ಇಬ್ಬರು. ಕಂದು ಬಣ್ಣದ ಉಂಡೆ, ಅದರ ಮೇಲೆ ತೆಳು ಬಣ್ಣದ ಹೃದಯ. ಕಂಬಳಿಕೊಪ್ಪೆ ಹಾಕಿಕೊಂಡಿದ್ದ ಹಿರಿಯರೊಬ್ಬರು ಬಹಳ ಹೊತ್ತು ನೋಡಿ, "ಅಲ್ಲೂ ಮಳೆ ಬರ್ತದಾ ಮೇಷ್ಟ್ರೇ?" ಅಂದರು. ಹುಡುಗಿ ಕೇಳಿದ್ದು, "ಈ ಬಣ್ಣ ನಿಜವಾದ್ದಾ ಸಾರ್?"

ಇವೆರಡಕ್ಕಿಂತ ಒಳ್ಳೆಯ ಪ್ರಶ್ನೆಗಳನ್ನು ನಾನು ಇವತ್ತಿನವರೆಗೆ ಕೇಳಿಲ್ಲ.

ಪ್ಲೂಟೊದಲ್ಲಿ ಮಳೆಯಿಲ್ಲ. ಅಲ್ಲಿನ ಚಳಿ ಸೊನ್ನೆಗಿಂತ 230 ಡಿಗ್ರಿ ಕೆಳಗೆ. ನಾವು ಉಸಿರಾಡುವ ಗಾಳಿಯಲ್ಲಿ ಹೆಚ್ಚಿನ ಪಾಲು ಇರುವ ಸಾರಜನಕ ಅಲ್ಲಿ ಗಟ್ಟಿ ಮಂಜುಗಡ್ಡೆ. ಹೃದಯದ ಎಡಭಾಗ, ಸ್ಪುಟ್ನಿಕ್ ಪ್ಲಾನಿಶಿಯಾ ಅನ್ನುವ ಬಯಲು, ಬಹುಪಾಲು ಅದೇ. ಹಗಲಲ್ಲಿ ಅದರ ಮೇಲ್ಪದರ ಸ್ವಲ್ಪ ಆವಿಯಾಗುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ; ಆ ಏರಿಳಿತದಿಂದಲೇ ಅಲ್ಲಿ ಗಾಳಿ ಬೀಸುತ್ತದೆ. ಆ ಬಯಲಿನಲ್ಲಿ ಉಲ್ಕೆ ಬಿದ್ದ ಗುಂಡಿಯೇ ಕಾಣಲಿಲ್ಲ. ಅಂದರೆ ತಳದ ಮಂಜು ಮೆಲ್ಲಗೆ ಮೇಲೆದ್ದು ಹಳೆಯ ಗುರುತುಗಳನ್ನು ಅಳಿಸುತ್ತಲೇ ಇದೆ. ಸತ್ತು ತಣ್ಣಗಾದ ಕಲ್ಲು ಅಂದುಕೊಂಡಿದ್ದ ಲೋಕದ ನೆಲ ಇನ್ನೂ ಮಗುಚುತ್ತಿದೆ! ಬಯಲಿನ ಅಂಚಿನಲ್ಲಿ ನೀರಿನ ಮಂಜುಗಡ್ಡೆಯ ಬೆಟ್ಟಗಳಿವೆ. ಒಂದು ಸಾಲಿಗೆ ನಮ್ಮ ತೇನ್‌ಸಿಂಗ್ ಹೆಸರು, ಇನ್ನೊಂದಕ್ಕೆ ಹಿಲರಿ ಹೆಸರು.

ಇನ್ನು ಬಣ್ಣ. ನೌಕೆಯಲ್ಲಿ ದೂರದ ವಿವರ ಹಿಡಿಯುವ ಕ್ಯಾಮೆರಾ ಕಪ್ಪು–ಬಿಳುಪಿನದು, ಬಣ್ಣ ಹಿಡಿಯುವುದು ಬೇರೆಯದು. ಎರಡನ್ನೂ ಕೂಡಿಸಿ ಚಿತ್ರ ಮಾಡುತ್ತಾರೆ. ಜಾಗಜಾಗದ ವ್ಯತ್ಯಾಸ ಕಾಣಲಿ ಅಂತ ಕೆಲವು ಚಿತ್ರಗಳಲ್ಲಿ ಬಣ್ಣ ಏರಿಸುವುದೂ ಉಂಟು. ಆದರೆ ಕೆಂಗಂದು ಬಣ್ಣ ಸುಳ್ಳಲ್ಲ, ಮೀಥೇನ್ ಅನ್ನುವ ಅನಿಲ ಬಿಸಿಲಿಗೆ ಒಡೆದು ಹುಟ್ಟುವ ವಸ್ತುಗಳ ಬಣ್ಣ ಅದು. ಇದನ್ನು ಬಿಡಿಸಿ ಹೇಳದೆ ಬರೀ ಚಿತ್ರ ಫಾರ್ವರ್ಡ್ ಮಾಡುವವರ ಮೇಲೆ ನನಗೆ ಸಿಟ್ಟಿದೆ. ಹುಡುಗಿಯ ಅನುಮಾನಕ್ಕೆ ಉತ್ತರ ಸಿಗದಿದ್ದರೆ ನಾಳೆ "ಎಲ್ಲಾ ಕಂಪ್ಯೂಟರಲ್ಲಿ ಮಾಡಿದ್ದು" ಅನ್ನುವವನ ಮಾತೇ ಅವಳಿಗೆ ಸರಿ ಅನ್ನಿಸುತ್ತದೆ.

1930ರಲ್ಲಿ ಕ್ಲೈಡ್ ಟೊಂಬಾ ಪ್ಲೂಟೊ ಕಂಡುಹಿಡಿದ ಮೇಲೆ 85 ವರ್ಷ ಅದು ನಮಗೆ ಒಂದು ಚುಕ್ಕೆ. ಅಮೆರಿಕದವರು ಸುಮಾರು 70 ಕೋಟಿ ಡಾಲರ್ ಖರ್ಚು ಮಾಡಿ, ಒಂಬತ್ತೂವರೆ ವರ್ಷ ಹಾರಿಸಿ, ಪ್ಲೂಟೊದ ನೆಲದಿಂದ ಸುಮಾರು 12,500 ಕಿಲೋಮೀಟರ್ ದೂರದಲ್ಲಿ ಹಾಯಿಸಿದರು. ನಿಲ್ಲಿಸುವ ಹಾಗಿಲ್ಲ, ತಿರುಗಿ ಬರುವ ಹಾಗಿಲ್ಲ. ತೆಗೆದದ್ದನ್ನೆಲ್ಲ ನೌಕೆ ಭೂಮಿಗೆ ಕಳಿಸಿ ಮುಗಿಸಲು 15 ತಿಂಗಳು ಹಿಡಿಯಿತು, ಸೆಕೆಂಡಿಗೆ ಒಂದೆರಡು ಕಿಲೋಬಿಟ್ ಲೆಕ್ಕದಲ್ಲಿ. ನಮ್ಮ ಸಂಭ್ರಮ ಮಾತ್ರ ಮೊದಲ ಚಿತ್ರಕ್ಕೇ ಮುಗಿದುಹೋಯಿತು. ಪ್ಲೂಟೊದ ನೀಲಿ ಮಬ್ಬಿನ ಚಿತ್ರ ಬಂದಿದ್ದು ಆಮೇಲೆ, ಆಗ ಅದನ್ನು ನೋಡಿದವರು ಕಡಿಮೆ.

ಪರಿಚಯದವರಿಗೆ ನಾನು ಹೇಳಿದ್ದಿಷ್ಟೇ. ಪ್ಲೂಟೊಗೆ ಹೋದ ದುಡ್ಡು ನಮ್ಮ ಸೇತುವೆಯದ್ದಲ್ಲ. ಇಸ್ರೋ ಖರ್ಚು ಮಾಡುವುದು ನಮ್ಮ ದುಡ್ಡು, ಹೌದು. ಆದರೆ ಸೇತುವೆ ತಡವಾಗಿದ್ದು ಚಂದ್ರಯಾನದಿಂದಲ್ಲ, ಹಿನ್ನೀರಿನ ಆಚೆಗಿನ ಜನ ಯಾರ ಲೆಕ್ಕಕ್ಕೂ ಬರದೇ ಹೋದದ್ದರಿಂದ. ರಸ್ತೆಗೆ ಲೆಕ್ಕಕ್ಕಿಲ್ಲದ ಜನರನ್ನು ಆಕಾಶಕ್ಕೂ ಲೆಕ್ಕಕ್ಕಿಲ್ಲದ ಹಾಗೆ ನಾವೇ ಮಾಡಬೇಕಾ? ಬಡ ಊರಿನವರಿಗೆ ಹೊಟ್ಟೆಯ ಚಿಂತೆ ಸಾಕು, ಕುತೂಹಲ ಪೇಟೆಯವರಿಗಿರಲಿ ಅನ್ನುವ ಮಾತನ್ನು ನಾನು ಒಪ್ಪಲಾರೆ. ಕಂಬಳಿಕೊಪ್ಪೆಯ ಹಿರಿಯರಿಗೆ ಕುತೂಹಲ ಇತ್ತು.

ಚಂದ್ರಯಾನ–3ರ ವೈಜ್ಞಾನಿಕ ದತ್ತಾಂಶವನ್ನು ಇಸ್ರೋ ಸಾರ್ವಜನಿಕರಿಗೆ ತೆರೆದದ್ದು ಇಳಿದ ಒಂದು ವರ್ಷಕ್ಕೆ, 2024ರ ಆಗಸ್ಟ್ 23ರಂದು. ನ್ಯೂ ಹೊರೈಜನ್ಸ್ ತಂಡ ಎಷ್ಟೋ ಕಚ್ಚಾ ಚಿತ್ರಗಳನ್ನು ಬಂದ ಹಾಗೇ ಜನರ ಮುಂದಿಟ್ಟಿತ್ತು. ಇಸ್ರೋ ಕೂಡ ಚಿತ್ರಗಳನ್ನಾದರೂ ಹಾಗೆ ಬೇಗ ಕೊಡಲಿ, ಕನ್ನಡದಲ್ಲಿ ನಾಲ್ಕು ಸಾಲು ವಿವರಣೆ ಸೇರಿಸಿ ಕೊಡಲಿ.

ಅಲ್ಲಿಯವರೆಗೆ ನಮ್ಮ ಕೈಲಾದ್ದು ನಾವು ಮಾಡೋಣ. ಪ್ಲೂಟೊದ ಹತ್ತಾರು ಚಿತ್ರ ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದೇನೆ, ಕಪ್ಪು–ಬಿಳುಪು, ಬಣ್ಣ ಎರಡೂ. ತುಮರಿ, ಬ್ಯಾಕೋಡು ಕಡೆಯ ಶಾಲೆಯವರು ಇನ್‌ಬಾಕ್ಸಿಗೆ ಬನ್ನಿ. ಶನಿವಾರ ಮಧ್ಯಾಹ್ನದ ಮೇಲೆ ನಾನೇ ತಂದು ತೋರಿಸುತ್ತೇನೆ. ಮಕ್ಕಳಿಗೆ ಮೊದಲೇ ಏನೂ ಹೇಳಿಕೊಡಬೇಡಿ, ಪ್ರಶ್ನೆಗಳನ್ನು ಅವರೇ ಕೇಳಲಿ.