ಗಾಬರಿ: ಹೌದು / ಇಲ್ಲ

ಆಸ್ಟ್ರಿಯಾದ ಲಿಂಟ್ಸ್ ನಗರದಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ನಡೆಯುವ ಆರ್ಸ್ ಎಲೆಕ್ಟ್ರಾನಿಕಾ ಎಂಬ ಡಿಜಿಟಲ್ ಕಲಾ ಉತ್ಸವವು 2024ರಲ್ಲಿ ‘ಹೋಪ್’ ಎಂಬ ಶೀರ್ಷಿಕೆ ಇಟ್ಟುಕೊಂಡಿತ್ತು. 2025ರಲ್ಲಿ ಅದು ‘ಪ್ಯಾನಿಕ್ – ಯೆಸ್/ನೋ’ ಎಂದಾಯಿತು. ನಮ್ಮಂಥವರ ಭರವಸೆ ಗಾಬರಿಯಾಗುವುದಕ್ಕೆ ಸಂಬಳ ನಾಲ್ಕು ದಿನ ತಡವಾದರೆ ಸಾಕು. ಯೂರೋಪಿನವರು ಅಚ್ಚುಕಟ್ಟಿನ ಜನ, ಹನ್ನೆರಡು ತಿಂಗಳು ಕಾಲಾವಕಾಶ ತೆಗೆದುಕೊಂಡು, ಸಭೆ ಸೇರಿ, ಭಿತ್ತಿಪತ್ರ ಅಚ್ಚು ಹಾಕಿಸಿ ಗಾಬರಿಗೊಂಡಿದ್ದಾರೆ. ಅದರಲ್ಲೂ ಆ ‘ಯೆಸ್/ನೋ’ ಎಂಬುದು ನನಗೆ ಬಹಳ ಹಿಡಿಸಿತು. ಪಡಿತರ ಚೀಟಿಯ ಅರ್ಜಿಯಿಂದ ಹಿಡಿದು ಪಿಂಚಣಿಯ ಅರ್ಜಿಯವರೆಗೆ ‘ಅನ್ವಯಿಸದ್ದನ್ನು ಹೊಡೆದುಹಾಕಿ’ ಎಂಬ ಸೂಚನೆಯನ್ನು ಪಾಲಿಸುತ್ತಲೇ ಬೆಳೆದ ನನಗೆ, ಮನುಷ್ಯಕುಲದ ಭವಿಷ್ಯವನ್ನೂ ಒಂದು ಚೌಕದಲ್ಲಿ ಟಿಕ್ ಹಾಕಿ ಇತ್ಯರ್ಥ ಮಾಡಬಹುದೆಂಬುದು ಇಷ್ಟು ವರ್ಷ ಹೊಳೆದಿರಲಿಲ್ಲ.

ನಾನು ಹೋಗಿದ್ದ ಆ 2025ರ ಉತ್ಸವದ ಮುಖ್ಯ ನೆಲೆ ಪೋಸ್ಟ್‌ಸಿಟಿ. ರೈಲು ನಿಲ್ದಾಣದ ಮಗ್ಗುಲಲ್ಲೇ ಇರುವ ಈ ಭಾರೀ ಕಟ್ಟಡ ಒಂದು ಕಾಲಕ್ಕೆ ಕಾಗದ, ಪಾರ್ಸೆಲ್‌ಗಳನ್ನು ವಿಂಗಡಿಸುವ ಅಂಚೆ ಕೇಂದ್ರವಾಗಿತ್ತು. ಅಂಚೆಯವರು ಖಾಲಿ ಮಾಡಿದ ಮೇಲೆ 2015ರಲ್ಲಿ ಕಲಾವಿದರು ಮೊದಲ ಬಾರಿಗೆ ಒಳಹೊಕ್ಕರು. ಪಾರ್ಸೆಲ್‌ಗಳು ಮೇಲಿನ ಅಂತಸ್ತಿನಿಂದ ಸುರುಳಿ ಸುರುಳಿಯಾಗಿ ಜಾರಿ ಬರುತ್ತಿದ್ದ ಲೋಹದ ಜಾರುಬಂಡಿಗಳು ಆಗಲೂ ಇದ್ದಲ್ಲೇ ಇದ್ದವು. ಒಂದರ ಒಳಮೈ ಮೇಲೆ ಕೈಯಾಡಿಸಿ ನೋಡಿದೆ. ಯಾರ ಯಾರದೋ ಹುಟ್ಟುಹಬ್ಬದ ಉಡುಗೊರೆಗಳು ಉಜ್ಜಿ ಉಜ್ಜಿ ಅದು ಅಜ್ಜಿಯ ಮನೆಯ ಒರಳಿನಂತೆ ನುಣುಪಾಗಿತ್ತು. ವಿವರಣೆಯ ಫಲಕದ ಸಹಾಯವಿಲ್ಲದೆ ಅಲ್ಲಿ ನನಗೆ ಅರ್ಥವಾದ ವಸ್ತು ಅದೊಂದೇ.

ಫಲಕದ ವಿಷಯ ಬಂದಿದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಇಂದಿನ ಡಿಜಿಟಲ್ ಕಲಾಕೃತಿಗೆ, ಅದು ಯಾವ ದೇಶದ ಯಾವ ಉತ್ಸವದಲ್ಲಾದರೂ ಇರಲಿ, ಎರಡು ಅಂಗಗಳಿರುತ್ತವೆ: ಕತ್ತಲಲ್ಲಿ ಮಿಣುಕುವ ಒಂದು ವಸ್ತು, ಬೆಳಕಿನಲ್ಲಿ ನಿಂತಿರುವ ಒಂದು ಫಲಕ. ವಸ್ತುವಿಗೆ ಆತ್ಮ ಇರಬೇಕೆಂಬ ನಿಯಮವಿಲ್ಲ, ಫಲಕಕ್ಕೆ ಮಾತ್ರ ನಾಲ್ಕು ಪ್ಯಾರಾ ಇರಲೇಬೇಕು, ಮತ್ತು ಅದರಲ್ಲಿ ಕೃತಿಯು ಏನನ್ನಾದರೂ ‘ಪ್ರಶ್ನಿಸುತ್ತಿರಬೇಕು’. ಬಲ್ಬೊಂದು ಹತ್ತಿ ಆರುತ್ತಿದ್ದರೆ ಅದು ಮಾನವಕೇಂದ್ರಿತ ಕಾಲದ ಪರಿಕಲ್ಪನೆಯನ್ನು ಪ್ರಶ್ನಿಸುತ್ತಿರುತ್ತದೆ. ನಮ್ಮೂರಿನಲ್ಲಿ ಅದಕ್ಕೆ ‘ಲೈನ್‌ಮ್ಯಾನ್ ಇನ್ನೂ ಬಂದಿಲ್ಲ’ ಎನ್ನುತ್ತಾರೆ. ಕಸದ ಡಬ್ಬಿಯನ್ನೇ ಕಲಾಕೃತಿ ಎಂದು ತಿಳಿದು ಕೈಕಟ್ಟಿ ನಿಂತ ಪ್ರವಾಸಿಯ ಹಳೆಯ ಜೋಕನ್ನು ನಾನಿಲ್ಲಿ ಹೇಳುವುದಿಲ್ಲ. ಅಲ್ಲಿಯ ಕಸದ ಡಬ್ಬಿಗಳು ಹಸಿ, ಒಣ, ಗಾಜು, ಕಾಗದ ಎಂದು ತಮ್ಮ ಉದ್ದೇಶವನ್ನು ಅತ್ಯಂತ ಸ್ಪಷ್ಟವಾಗಿ ಬರೆದುಕೊಂಡಿರುತ್ತವೆ.

ನ್ಯಾಯಕ್ಕೆ ಹೇಳುವುದಾದರೆ, ಈ ಉತ್ಸವ ಹುಟ್ಟಿದ ರೀತಿಯ ಬಗ್ಗೆ ನನಗೆ ಹೊಟ್ಟೆಕಿಚ್ಚಿದೆ. 1979ರಲ್ಲಿ ಡ್ಯಾನ್ಯೂಬ್ ನದಿಯ ದಂಡೆಯ ಉದ್ಯಾನದಲ್ಲಿ ಆಸ್ಟ್ರಿಯಾದ ಸಂಗೀತ ರಚನಕಾರ ಬ್ರುಕ್ನರನ ಎಂಟನೆಯ ಸಿಂಫನಿಯನ್ನು ಧ್ವನಿವರ್ಧಕಗಳಲ್ಲಿ ಹರಿಯಬಿಟ್ಟು, ಅದನ್ನು ‘ಕ್ಲಾಂಗ್‌ವೋಲ್ಕೆ’, ಅಂದರೆ ನಾದದ ಮೋಡ, ಎಂದು ಕರೆದರು. ದಂಡೆಗೆ ಬರಲಾಗದವರು ತಮ್ಮ ಮನೆಯ ರೇಡಿಯೊಗಳನ್ನು ಕಿಟಕಿಯಲ್ಲಿಟ್ಟು ಬೀದಿಗೆ ಕೇಳಿಸಬೇಕೆಂದು ಊರವರನ್ನು ಕೇಳಿಕೊಂಡರು. ಉಕ್ಕಿನ ಕಾರ್ಖಾನೆಯ ಹೊಗೆಗೆ ಹೆಸರಾದ ಊರು ಅದು, ಅಲ್ಲಿ ಕಿಟಕಿ ಕಿಟಕಿಯಲ್ಲೂ ಒಂದೇ ಸಂಗೀತ! ನಮ್ಮ ಬಾಲ್ಯದ ಬೀದಿಯಲ್ಲಿ ಬುಧವಾರದ ಚಿತ್ರಗೀತೆಗಳು ಒಂದು ಮನೆಯ ರೇಡಿಯೊದಿಂದ ಇನ್ನೊಂದು ಮನೆಯ ರೇಡಿಯೊಗೆ ಕಡಿಯದೆ ದಾಟಿಕೊಂಡು ಹೋಗುತ್ತಿದ್ದವು. ಅಂಗಡಿಗೆ ಹೊರಟವನು ಬೀದಿಯ ಆ ತುದಿ ಮುಟ್ಟುವುದರೊಳಗೆ ಪಲ್ಲವಿ ಮುಗಿದು ಚರಣ ಬಂದಿರುತ್ತಿತ್ತು. ಅದಕ್ಕೆ ನಾವು ಮೋಡವೆಂದು ಹೆಸರಿಡಲಿಲ್ಲ, ಶೀರ್ಷಿಕೆ ಕೊಡಲಿಲ್ಲ, ಆದ್ದರಿಂದ ನಮ್ಮದು ಉತ್ಸವವಾಗದೆ ಬರಿಯ ಗದ್ದಲವಾಗಿ ಉಳಿಯಿತು. ಇದೇ ಸಂಸ್ಥೆ 1999ರಲ್ಲಿ ಕಂಪ್ಯೂಟರ್ ನಡೆಸುವ ಮುಕ್ತ ತಂತ್ರಾಂಶ ಲಿನಕ್ಸ್‌ಗೂ 2004ರಲ್ಲಿ ವಿಕಿಪೀಡಿಯಾಕ್ಕೂ ತನ್ನ ‘ಗೋಲ್ಡನ್ ನಿಕಾ’ ಪ್ರಶಸ್ತಿ ಕೊಟ್ಟಿತು. ಅಂದರೆ ಜಗತ್ತಿಗೆ ಉಪಯೋಗಕ್ಕೆ ಬರುವ ವಸ್ತುವನ್ನು ಗುರುತಿಸುವ ಕಣ್ಣು ಅವರಿಗೆ ಇಲ್ಲವೆನ್ನಲಾಗದು. ಇದ್ದೂ ಗಾಬರಿಯಾಗಿರುವುದೇ ನನಗೆ ಸೋಜಿಗ.

ಈ ಬಗೆಯ ಉತ್ಸವಗಳಲ್ಲಿ ಕ್ಯಾಮೆರಾದ ಮುಂದೆ ನಿಂತರೆ ಮುಖ ಅಳೆದು ವಯಸ್ಸು, ಮನಸ್ಥಿತಿಗಳನ್ನು ಹೇಳುವ ಒಂದು ಯಂತ್ರ ಇದ್ದೇ ಇರುತ್ತದೆ. ಕಣ್ಗಾವಲನ್ನು ಪ್ರಶ್ನಿಸುವುದು ಅದರ ಕೆಲಸ. ನಾನೂ ಸರದಿಯಲ್ಲಿ ನಿಂತೆ. ‘ಪ್ರಶಾಂತ’ ಎಂದು ಪರದೆಯ ಮೇಲೆ ಬಂತು. ಗಿಣಿಶಾಸ್ತ್ರದವನ ಗಿಣಿಯೂ ಹೀಗೆಯೇ ಒಂದು ಚೀಟಿ ಎತ್ತಿಕೊಡುತ್ತದೆ, ಆದರೆ ನಾನು ಕೇಳಿದ ಮಟ್ಟಿಗೆ ಅದು ಯಾರ ಮುಖವನ್ನೂ ದಾಖಲೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಪಕ್ಕದಲ್ಲಿದ್ದ ಹಿರಿಯ ಮಹಿಳೆ, “ಯೋಚಿಸಿ, ನಾಳೆ ಒಂದು ಸರ್ಕಾರ ನಮ್ಮ ದೇಹದ ಗುರುತುಗಳನ್ನು ಕೇಳಿದರೆ!” ಎಂದು ಮೈ ನಡುಗಿಸಿದರು.

ತಾಯೀ, ನಾನು ಕೊಟ್ಟು ಬಂದಿದ್ದೇನೆ. ಹತ್ತೂ ಬೆರಳು. ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ನಿಮ್ಮ ಷೆಂಗೆನ್ ವೀಸಾದ ಅರ್ಜಿಯಲ್ಲಿ ‘ಈ ಹಿಂದೆ ಬೆರಳಚ್ಚು ಕೊಟ್ಟಿದ್ದೀರಾ’ ಎಂಬ ಪ್ರಶ್ನೆಯೂ, ಅದರ ಎದುರು ಹೌದು, ಇಲ್ಲ ಎಂಬ ಎರಡು ಚೌಕಗಳೂ ಇವೆ. 2024ರ ಜೂನಿನಿಂದ ಅದರ ಶುಲ್ಕ 90 ಯೂರೊ. ವೀಸಾ ನಿರಾಕರಿಸಿದರೆ ಹಣ ವಾಪಸು ಬರುವುದಿಲ್ಲ. 30,000 ಯೂರೊ ಮೊತ್ತದ ವಿಮೆ, ಬ್ಯಾಂಕಿನ ಲೆಕ್ಕಪಟ್ಟಿ, ರಜೆ ಮಂಜೂರಾದ ಪತ್ರ, ಹಿಂದಿರುಗುವ ಟಿಕೆಟ್ಟು, ಇವೆಲ್ಲ ನಾನು ನಿಮ್ಮ ಊರಿನಲ್ಲಿ ಉಳಿದುಬಿಡುವ ಆಸೆಯಿಲ್ಲದವನೆಂದು ಸಾಬೀತು ಮಾಡಲು. ನನ್ನ ಬೆರಳಚ್ಚು ಐದು ವರ್ಷ ನಿಮ್ಮ ಕಂಪ್ಯೂಟರಿನಲ್ಲಿ ಇರುತ್ತದೆ. ನೀವು ಕತ್ತಲ ಕೋಣೆಯಲ್ಲಿ ಊಹಿಸಿಕೊಂಡು ಪುಲಕಿತರಾಗುತ್ತಿರುವ ಭಯಂಕರ ನಾಳೆ ನಮಗೆ ಗುಮಾಸ್ತೆಯ ಮೇಜಿನ ಮುಂದೆ ಮುಗಿದುಹೋದ ನಿನ್ನೆ. ಇದರಲ್ಲಿ ಹಾಸ್ಯ ಮಾಡುವುದಕ್ಕೆ ಏನೂ ಇಲ್ಲ, ಮಾಡಿ ಮಾಡಿ ನನಗೂ ಸಾಕಾಗಿದೆ. ಆ ಮಹಿಳೆಗೆ ನಾನಿದನ್ನು ಹೇಳಲಿಲ್ಲ. ಯಂತ್ರ ಆಗಲೇ ನನ್ನನ್ನು ಪ್ರಶಾಂತನೆಂದು ಘೋಷಿಸಿತ್ತು.

ಇನ್ನು ರಾತ್ರಿಯ ಮಾತು. ಅಂದು ಸೆಪ್ಟೆಂಬರ್ 6ರ ಶನಿವಾರ, ಅನಂತ ಚತುರ್ದಶಿ. ಊರಿನಲ್ಲಿ ಗಣಪತಿಗಳು ಟ್ರ್ಯಾಕ್ಟರ್ ಏರಿ ಕೆರೆಗೆ ಹೊರಟ ದಿನವೇ ನಾನು ಹೆಸರು ಬೇಡವಾದ ಒಂದು ನೆಲಮಾಳಿಗೆಯ ಕ್ಲಬ್ಬಿಗೆ ಇಳಿದೆ. ಬಾಗಿಲಲ್ಲಿದ್ದ ಯುವತಿ ನನ್ನ ಫೋನಿನ ಕ್ಯಾಮೆರಾದ ಮೇಲೆ ಒಂದು ಚುಕ್ಕಿ ಸ್ಟಿಕ್ಕರ್ ಅಂಟಿಸಿ, ಒಳಗೆ ಯಾರ ಮುಖವನ್ನೂ ಸೆರೆಹಿಡಿಯಬಾರದು, ಇಲ್ಲಿ ಖಾಸಗಿತನ ಪವಿತ್ರ ಎಂದಳು. ಹಗಲೆಲ್ಲ ಸರದಿ ನಿಂತು ಮುಖ ಒಪ್ಪಿಸಿದ ಜನವೇ ಒಳಗೆ ಕುಣಿಯುತ್ತಿದ್ದರು. ಎದೆಯ ಗೂಡು ಅದುರುವ ಆ ಡಮ್ ಡಮ್ ನನಗೆ ಹೊಸದಲ್ಲ, ನಮ್ಮ ಬೀದಿಯ ಯುವಕ ಸಂಘದ ಡಿಜೆಯೂ ಅದನ್ನೇ ನುಡಿಸುತ್ತದೆ; ವ್ಯತ್ಯಾಸವೆಂದರೆ ಅಲ್ಲಿ ರಾತ್ರಿ ಹತ್ತಕ್ಕೆ ಪೊಲೀಸರು ಬಂದು ವೈರು ಕೀಳುತ್ತಾರೆ, ಇಲ್ಲಿ ಎರಡೂವರೆಗೆ ಒಬ್ಬ ಯುವಕ ಬಂದು ಇದು ಶಬ್ದವಲ್ಲ, ಶಬ್ದದ ಕುರಿತ ಸಂಶೋಧನೆ ಎಂದು ಕಿವಿಯಲ್ಲಿ ಕೂಗುತ್ತಾನೆ. ಕಿವಿಗೆ ತುರುಕಿಕೊಳ್ಳಲು ಸ್ಪಂಜಿನ ಬೆಣೆಗಳನ್ನು ಬಾಗಿಲಲ್ಲೇ ಉಚಿತವಾಗಿ ಕೊಡುತ್ತಾರೆ. ಅದನ್ನು ಮಾತ್ರ ನಮ್ಮ ಯುವಕ ಸಂಘದವರು ಕಲಿಯಬೇಕು.

ಆ ಯುವಕ ಬಹಳ ಒಳ್ಳೆಯವನು. ಗಡಿಗಳಿಲ್ಲದ ಜಾಲ, ಗಡಿಗಳಿಲ್ಲದ ಕಲೆ ಎಂದು ನನ್ನ ಭುಜ ಹಿಡಿದು ಹದಿನೈದು ನಿಮಿಷ ಹೇಳಿದ. ಉತ್ಸವ ಭಾನುವಾರಕ್ಕೆ ಮುಗಿದರೂ ನಿಜವಾದ ಸಂತೋಷ ಇರುವುದು ಸೋಮವಾರ ನದಿಯಾಚೆ ಗೆಳೆಯರೆಲ್ಲ ಸೇರುವುದರಲ್ಲಿ ಎಂದ. “ಸೋಮವಾರ ಇರುತ್ತೀರಲ್ಲ?” ಎಂದು ಕೇಳಿದ.

ಕೆಂಪು ದೀಪದಡಿಯಲ್ಲಿ ಪಾಸ್‌ಪೋರ್ಟ್ ತೆಗೆದು ವೀಸಾದ ಹಾಳೆ ಬಿಡಿಸಿದೆ. ಮಂಗಳವಾರ ಬಂದಿಳಿದವನು ನಾನು. ತಂಗುವ ದಿನಗಳು ಎಂಬಲ್ಲಿ 6 ಎಂದು ಅಚ್ಚಾಗಿತ್ತು. ಬೆರಳು ಮಡಿಸಿ ಎಣಿಸಿದೆ, ಭಾನುವಾರಕ್ಕೆ ಸರಿಹೋಯಿತು. ಭಾನುವಾರ ಆಗಲೇ ಹುಟ್ಟಿ ಮೂರು ಗಂಟೆಯಾಗಿತ್ತು. ಯುವಕನೂ ಬಗ್ಗಿ ನೋಡಿದ, ಅದು ಏನೆಂದು ಅವನಿಗೆ ತಿಳಿಯಲಿಲ್ಲ. “ಇದೂ ನಿಮ್ಮ ಕೃತಿಯೇ?” ಎಂದ.