ಸೋಲ್ ಸಂಗೀತದಲ್ಲಿ ಕಣ್ಣೀರಿಗಿಂತ ಕಸುಬು ದೊಡ್ಡದು

ಅಮೆರಿಕದ ಕಪ್ಪು ಜನರ ಚರ್ಚಿನ ಹಾಡುಗಾರಿಕೆಯಿಂದ ಬೆಳೆದ ಜನಪ್ರಿಯ ಸೋಲ್ ಸಂಗೀತದ ಬಗ್ಗೆ ಬರೆಯುವವರು, ಆ ಗಾಯಕರು ಉಂಡ ಬಡತನ ಮತ್ತು ವರ್ಣಭೇದದ ನೋವೇ ಹಾಡಾಗಿ ಹರಿಯಿತು ಎಂದು ಹೇಳಿ ಮುಗಿಸಿಬಿಡುವುದು ವಾಡಿಕೆಯಾಗಿದೆ. ನೋವು ಇತ್ತೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ನೋವನ್ನು ಉಂಡ ಲಕ್ಷಾಂತರ ಜನರ ನಡುವೆ ಗಾಯಕಿ ಅರೀಥಾ ಫ್ರಾಂಕ್ಲಿನ್ ಒಬ್ಬರೇ ಆದದ್ದು ಹೇಗೆ ಎಂಬುದಕ್ಕೆ ಈ ವಿವರಣೆಯಲ್ಲಿ ಉತ್ತರವಿಲ್ಲ. ಮೆಚ್ಚುಗೆಯ ಹೆಸರಿನಲ್ಲಿ ಅದು ಆ ಕಲಾವಿದರ ವಿದ್ಯೆಯನ್ನೇ ಮರೆಮಾಡುತ್ತದೆ ಎಂಬುದು ನನ್ನ ತಕರಾರು.

ಅರೀಥಾ 1942ರಲ್ಲಿ ಮೆಂಫಿಸ್‌ನಲ್ಲಿ ಹುಟ್ಟಿ ಡೆಟ್ರಾಯಿಟ್‌ನಲ್ಲಿ ಬೆಳೆದವರು. ತಂದೆ ಸಿ.ಎಲ್. ಫ್ರಾಂಕ್ಲಿನ್ ಅಲ್ಲಿನ ನ್ಯೂ ಬೆಥೆಲ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿಯಾಗಿದ್ದು, ಅವರ ಪ್ರವಚನಗಳು ರೆಕಾರ್ಡುಗಳಾಗಿ ಮಾರಾಟವಾಗುತ್ತಿದ್ದವು. ಮಹೇಲಿಯಾ ಜಾಕ್ಸನ್, ಕ್ಲಾರಾ ವಾರ್ಡ್ ಅವರಂಥ ಗಾಸ್ಪೆಲ್ (ಚರ್ಚಿನ ಭಕ್ತಿಗೀತೆ) ಗಾಯಕಿಯರು ಆ ಮನೆಗೆ ಬಂದುಹೋಗುತ್ತಿದ್ದರು. ನಮ್ಮ ಗಾಯಕರು ಪಲ್ಲವಿಯ ಒಂದೇ ಸಾಲನ್ನು ಸಂಗತಿಯ ಮೇಲೆ ಸಂಗತಿ ಹಾಕಿ ಬೆಳೆಸುವಂತೆ, ಸ್ತುತಿಗೀತೆಯ ಒಂದು ಸಾಲನ್ನು ಹಿಗ್ಗಿಸುವುದನ್ನೂ, ಸಭೆ ಓಗೊಡುವವರೆಗೆ ಕಾಯುವುದನ್ನೂ, ದನಿಯನ್ನು ಎಲ್ಲಿ ಹಿಡಿದಿಟ್ಟು ಎಲ್ಲಿ ಬಿಡಬೇಕೆಂಬುದನ್ನೂ ಆ ಹುಡುಗಿ ಅಲ್ಲಿ ಕಲಿತಳು. 1972ರಲ್ಲಿ ಲಾಸ್ ಏಂಜಲಿಸ್‌ನ ಚರ್ಚೊಂದರಲ್ಲಿ ಧ್ವನಿಮುದ್ರಿಸಿದ 'ಅಮೇಜಿಂಗ್ ಗ್ರೇಸ್' ಆಲ್ಬಮ್ಮಿನಲ್ಲಿ, ಹತ್ತು ನಿಮಿಷಕ್ಕೂ ಮೀರಿ ಬೆಳೆಯುವ ಶೀರ್ಷಿಕೆಗೀತೆಯನ್ನು ಕೇಳಿದವರಿಗೆ ಈ ಪಾಠ ಎಷ್ಟು ಆಳಕ್ಕೆ ಇಳಿದಿತ್ತೆಂಬುದು ತಿಳಿಯುತ್ತದೆ.

ಅವರು 1960ರಲ್ಲಿ ಕೊಲಂಬಿಯಾ ರೆಕಾರ್ಡ್ ಕಂಪನಿ ಸೇರಿ ಸುಮಾರು ಆರು ವರ್ಷ ಅಲ್ಲಿದ್ದರು. ದನಿ ಅದೇ, ನೋವೂ ಅದೇ, ಆದರೂ ದೊಡ್ಡ ಯಶಸ್ಸು ಬರಲಿಲ್ಲ. ಅಟ್ಲಾಂಟಿಕ್ ಕಂಪನಿಯ ನಿರ್ಮಾಪಕ ಜೆರ್ರಿ ವೆಕ್ಸ್ಲರ್ 1967ರ ಜನವರಿಯಲ್ಲಿ ಅವರನ್ನು ಅಲಬಾಮಾದ ಮಸಲ್ ಶೋಲ್ಸ್‌ನ ಫೇಮ್ ಸ್ಟುಡಿಯೊಗೆ ಕರೆದೊಯ್ದು ಪಿಯಾನೊ ಮುಂದೆ ಕೂರಿಸಿದ ಮೇಲೆ ಎಲ್ಲವೂ ಬದಲಾಯಿತು. ಸುತ್ತ ಇದ್ದ ವಾದಕರಲ್ಲಿ ಬಹುಪಾಲು ಆ ಪ್ರದೇಶದ ಬಿಳಿಯ ಯುವಕರು. ಸ್ಪೂನರ್ ಓಲ್ಡಮ್ ಎಲೆಕ್ಟ್ರಿಕ್ ಪಿಯಾನೊದಲ್ಲಿ ಒಂದು ಸಣ್ಣ ಸ್ವರಗುಚ್ಛ ಹಿಡಿದೊಡನೆ ಅಂದು ಮುದ್ರಿಸುತ್ತಿದ್ದ ಹಾಡಿಗೆ ದಾರಿ ಸಿಕ್ಕಿತು. ಅದೇ ದಿನ ಜಗಳವಾಗಿ ಧ್ವನಿಮುದ್ರಣ ನಿಂತುಹೋಯಿತೆಂಬುದು ಬೇರೆ ಕಥೆ. ಉಳಿದ ಕೆಲಸ ಅದೇ ವಾದಕರನ್ನು ಕರೆಸಿಕೊಂಡು ನ್ಯೂಯಾರ್ಕ್‌ನಲ್ಲಿ ನಡೆಯಿತು.

ಆ ವರ್ಷದ 'ರೆಸ್ಪೆಕ್ಟ್' ಮೂಲತಃ ಸೋಲ್ ಗಾಯಕ ಓಟಿಸ್ ರೆಡ್ಡಿಂಗ್ 1965ರಲ್ಲಿ ಬರೆದು ಹಾಡಿದ್ದು, ದುಡಿದು ಮನೆಗೆ ಬಂದ ಗಂಡಸು ಹೆಣ್ಣಿನಿಂದ ಮರ್ಯಾದೆ ಕೇಳುವ ಹಾಡು. ಅರೀಥಾ ಅದನ್ನು ಹೆಣ್ಣಿನ ಬೇಡಿಕೆಯಾಗಿಸಿದರೆಂದು ಎಲ್ಲರೂ ಹೇಳುತ್ತಾರೆ. ಆದರೆ ಮೂಲದಲ್ಲಿ ಇಲ್ಲದ ಸ್ಯಾಕ್ಸೊಫೋನ್ ಭಾಗವನ್ನು ನಡುವೆ ಸೇರಿಸಿದ್ದು, ಶೀರ್ಷಿಕೆಯ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹಾಡಿದ್ದು, ಸೋದರಿಯರಾದ ಎರ್ಮಾ ಮತ್ತು ಕ್ಯಾರೊಲಿನ್ ಹಿನ್ನೆಲೆಯಲ್ಲಿ ಚುರುಕಾಗಿ ಓಗೊಟ್ಟಿದ್ದು ಇವುಗಳಿಲ್ಲದೆ ಆ ಬೇಡಿಕೆಗೆ ಅಷ್ಟು ಕಸುವು ಬರುತ್ತಿರಲಿಲ್ಲ. ಇದು ಆವೇಶವಲ್ಲ, ಲೆಕ್ಕಾಚಾರದ ಕೆಲಸ.

ಓಟಿಸ್ ಕೂಡ ಕೇವಲ ಭಾವುಕ ಗಾಯಕರಲ್ಲ. ಮೆಂಫಿಸ್‌ನ ಸ್ಟ್ಯಾಕ್ಸ್ ಸ್ಟುಡಿಯೊದಲ್ಲಿ, ಅಂದರೆ ಇಳಿಜಾರು ನೆಲವನ್ನು ಹಾಗೆಯೇ ಉಳಿಸಿಕೊಂಡಿದ್ದ ಹಳೆಯ ಚಿತ್ರಮಂದಿರದಲ್ಲಿ, ಅವರು ಟ್ರಂಪೆಟ್ ಮತ್ತು ಸ್ಯಾಕ್ಸೊಫೋನ್ ವಾದಕರಿಗೆ ಅವರವರ ಭಾಗವನ್ನು ಬಾಯಲ್ಲೇ ಹಾಡಿ ಕೊಡುತ್ತಿದ್ದರು. ಅಲ್ಲಿನ ಖಾಯಂ ವಾದಕರಾದ 'ಬುಕರ್ ಟಿ. ಅಂಡ್ ದಿ ಎಂಜೀಸ್' ತಂಡದಲ್ಲಿ ಇಬ್ಬರು ಕಪ್ಪು, ಇಬ್ಬರು ಬಿಳಿಯರು. 1965ರಲ್ಲಿ ಗಾಯಕ ವಿಲ್ಸನ್ ಪಿಕೆಟ್ ಅವರಿಗೆ ನುಡಿಸುವಾಗ ಡ್ರಮ್ಮಿನ ಆಲ್ ಜಾಕ್ಸನ್ ಮತ್ತು ಗಿಟಾರಿನ ಸ್ಟೀವ್ ಕ್ರಾಪರ್ ತಾಳದ ಎರಡನೆಯ ಮತ್ತು ನಾಲ್ಕನೆಯ ಪೆಟ್ಟುಗಳನ್ನು ಕೂದಲೆಳೆಯಷ್ಟು ತಡಮಾಡಿದರು. ಆ ತಡ ಮುಂದೆ ಸ್ಟ್ಯಾಕ್ಸ್‌ನ ಗುರುತೇ ಆಯಿತು. ಓಟಿಸ್ 1967ರ ಡಿಸೆಂಬರ್ 10ರಂದು ವಿಮಾನ ದುರಂತದಲ್ಲಿ ತೀರಿಕೊಂಡಾಗ ಅವರಿಗೆ 26 ವರ್ಷ.

ಡೆಟ್ರಾಯಿಟ್‌ನ ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳು ನನ್ನ ಕಿವಿಗೆ ತುಸು ಅತಿಯಾಗಿ ನಯಗೊಳಿಸಿದಂತೆ ಕೇಳುತ್ತವೆ. ಆದರೂ ಒಂದೇ ತೋರುಬೆರಳಿನಿಂದ ಬಾಸ್ ಗಿಟಾರ್ ಮೀಟುತ್ತಿದ್ದ ಜೇಮ್ಸ್ ಜೇಮರ್ಸನ್ ಅವರಿಗಾಗಿಯೇ ಅವನ್ನು ಮತ್ತೆ ಮತ್ತೆ ಕೇಳುತ್ತೇನೆ. 1959ರಲ್ಲಿ ಆರಂಭವಾದ ಕಂಪನಿ ಇಂಥ ವಾದಕರ ಹೆಸರನ್ನು ವರ್ಷಗಟ್ಟಲೆ ರೆಕಾರ್ಡಿನ ಹೊದಿಕೆಯ ಮೇಲೆ ಅಚ್ಚು ಹಾಕಿಸಲಿಲ್ಲ. 1971ರಲ್ಲಿ ಮೋಟೌನ್ ಗಾಯಕ ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಆಲ್ಬಮ್ ಬಂದಾಗ, ಅಷ್ಟರಲ್ಲಿ ಅಸಂಖ್ಯ ಜನಪ್ರಿಯ ಹಾಡುಗಳಿಗೆ ನುಡಿಸಿದ್ದ ಜೇಮರ್ಸನ್ ಅವರ ಹೆಸರು ಹೊದಿಕೆಯ ಮೇಲೆ ಕಾಣಿಸಿತು.